ಸ್ವಯಾರ್ಜಿತ ಅಂತ ಬರೆಸುವ ಮೊದಲು

ಕಳೆದ ತಿಂಗಳು ಬದಿಯಡ್ಕದ ಆಚೆಯಿಂದ ಒಬ್ಬರು ಹಿರಿಯರು ವಿಲ್ ಬರೆಸ್ಲಿಕ್ಕೆ ಅಂತ ನನ್ನ ಆಫೀಸಿಗೆ ಬಂದಿದ್ರು. ಆರು ಎಕ್ರೆ ಅಡಿಕೆ ತೋಟ, ಕಾಸರಗೋಡು ಪೇಟೆಯಲ್ಲಿ ಒಂದು ಬಿಲ್ಡಿಂಗ್, ಮಂಗಳೂರಲ್ಲಿ ಒಂದು ಫ್ಲಾಟ್. ತೀರ್ವೆ ರಶೀದಿ, ಆಧಾರದ ಕಾಪಿ (ಆಧಾರ ಅಂದ್ರೆ ನಮ್ಮಲ್ಲಿ ಜಾಗೆಯ ದಸ್ತಾವೇಜು, ಕಾರ್ಡ್ ಅಲ್ಲ) ಎಲ್ಲ ಪ್ಲಾಸ್ಟಿಕ್ ಕವರಲ್ಲಿ ಚಂದ ಜೋಡಿಸಿ ತಂದಿದ್ರು. ಕೂತ ಕೂಡ್ಲೆ ಹೇಳಿದ್ದು, "ವಕೀಲ್ರೇ, ಒಂದು ಮಾತು ಸ್ಪಷ್ಟ ಬರೀಬೇಕು. ಇದೆಲ್ಲ ನನ್ನ ಸ್ವಯಾರ್ಜಿತ. ಅಪ್ಪನಿಂದ ಬಂದದ್ದು ಎರಡು ಎಕ್ರೆ ಬೋಳುಗುಡ್ಡೆ ಮಾತ್ರ, ಅದನ್ನು ತೋಟ ಮಾಡಿದವ ನಾನು."

27 ವರ್ಷದಿಂದ ಸಿವಿಲ್ ಕೇಸು ನೋಡ್ತಿದ್ದೇನೆ, ಈ ಮಾತು ಕೇಳದ ತಿಂಗಳು ಇಲ್ಲ. ಹೇಳುವವರು ಸುಳ್ಳು ಹೇಳ್ತಾರೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಅವರ ಕೈ ನೋಡಿದ್ರೆ ಗೊತ್ತಾಗ್ತದೆ, ಗುದ್ದಲಿ ಹಿಡಿದ ಕೈ ಅದು. ಆದ್ರೆ ಸ್ವಯಾರ್ಜಿತ ಅನ್ನೋ ಶಬ್ದಕ್ಕೆ ಕಾನೂನಲ್ಲಿ ಒಂದು ಚರಿತ್ರೆ ಉಂಟು, ಅದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ.

ಅಣ್ಣತಮ್ಮಂದಿರ ಮಧ್ಯೆ ಪಾಲಿನ ಕೇಸು ಬಂದಾಗ ಒಬ್ಬ "ಈ ಜಾಗೆ ನನ್ನ ಸ್ವಂತ ದುಡ್ಡಲ್ಲಿ ತಗೊಂಡದ್ದು" ಅಂತಾನೆ, ಇನ್ನೊಬ್ಬ "ಇಲ್ಲ, ಮನೆಯ ತೋಟದ ಆದಾಯದಿಂದ ತಗೊಂಡದ್ದು" ಅಂತಾನೆ. ಆಗ ಕೋರ್ಟು ಕೇಳುವುದು ನ್ಯೂಕ್ಲಿಯಸ್ ಎಲ್ಲಿ ಅಂತ, ಅಂದ್ರೆ ಮೂಲ ಬಂಡವಾಳ. ಆ ಜಾಗೆ ತಗೊಳ್ಳುವಷ್ಟು ಆದಾಯ ಕೊಡುವ ಕುಟುಂಬದ ಆಸ್ತಿ ಮೊದಲೇ ಇತ್ತು ಅಂತ ಸಾಬೀತಾದ್ರೆ, ಇದು ನನ್ನದೇ ದುಡಿಮೆ ಅಂತ ತೋರಿಸುವ ಭಾರ ಸ್ವಂತದ್ದು ಅಂದವನ ತಲೆಗೆ ಬರ್ತದೆ. ಹೆಸರು ಯಾರದ್ದು ಅನ್ನೋದು ಮುಖ್ಯ ಅಲ್ಲ, ಮೊದಲ ರೂಪಾಯಿ ಎಲ್ಲಿಂದ ಬಂತು ಅನ್ನೋದು ಮುಖ್ಯ. ಕೇರಳದಲ್ಲಿ 1976 ಡಿಸೆಂಬರ್ 1ರಿಂದ ಹಿಂದೂ ಕೂಡುಕುಟುಂಬ ಅನ್ನೋದೇ ಇಲ್ಲ ಅಂತ ರಾಜ್ಯದ ಕಾನೂನು ಬಂತು, ಹಾಗಾಗಿ ಈ ವಾದ ಹೆಚ್ಚಾಗಿ ಹಳೇ ಆಸ್ತಿಗಳಿಗೇ ಬರುವುದು.

ಇನ್ನೂ ಹಿಂದೆ ಹೋದ್ರೆ ಇದಕ್ಕಿಂತ ಗಟ್ಟಿ ಪ್ರಶ್ನೆ ಕೇಳಿದ ಕಾಲ ಇತ್ತು. 1921ರಲ್ಲಿ ಪ್ರಿವಿ ಕೌನ್ಸಿಲ್‌ಗೆ, ಅಂದ್ರೆ ಬ್ರಿಟಿಷರ ಕಾಲದಲ್ಲಿ ಲಂಡನ್ನಿನಲ್ಲಿದ್ದ ಕಡೇ ಅಪೀಲಿನ ಕೋರ್ಟಿಗೆ ಹೋದ ಒಂದು ಕೇಸಲ್ಲಿ, ಐ.ಸಿ.ಎಸ್. ಆಫೀಸರ್ ಆಗಿದ್ದವನ ಗಳಿಕೆ ಕೂಡ ಕುಟುಂಬದ ಆಸ್ತಿಯೇ ಅಂತ ತೀರ್ಪಾಯ್ತು. ಯಾಕಂದ್ರೆ ಅವನನ್ನು ಓದಿಸಿದ್ದು ಕುಟುಂಬದ ದುಡ್ಡು. ಪರೀಕ್ಷೆ ಪಾಸ್ ಮಾಡಿದ್ದು ಅವನೇ, ಬುದ್ಧಿ ಅವನದ್ದೇ, ಆದ್ರೆ ಫೀಸ್ ಕಟ್ಟಿದವರು ಯಾರು ಅಂತ ಕೇಳಿದ್ರು. ತುಂಬ ಜನಕ್ಕೆ ಇದು ಕಷ್ಟ ಆಯ್ತು, 1930ರಲ್ಲಿ ಹಿಂದೂ ಗೇನ್ಸ್ ಆಫ್ ಲರ್ನಿಂಗ್ ಆಕ್ಟ್ ಅಂತ ಕಾನೂನು ತಂದ್ರು, ವಿದ್ಯೆಯಿಂದ ಗಳಿಸಿದ್ದು ಅವರವರ ಸ್ವಂತದ್ದೇ, ಓದಿಸಿದವರು ಯಾರೇ ಆಗಿರ್ಲಿ ಅಂತ. ಆ ಕಾನೂನು ಸರಿಯೇ, ಇಲ್ಲದಿದ್ರೆ ಒಬ್ಬೊಬ್ಬರ ಸಂಬಳಕ್ಕೂ ಹತ್ತು ಜನ ಕೈ ಹಾಕ್ತಿದ್ರು. ನನ್ನ ಮನಸ್ಸಿಗೆ ಹತ್ತಿದ್ದು ಬೇರೆ ವಿಷಯ. ಈ ಪ್ರಶ್ನೆಯನ್ನು ನಾವು ಯಾವಾಗ ಕೇಳಿದ್ರೂ ಒಂದೇ ಮನೆಯ ಒಳಗೆ ಕೇಳಿದ್ದು, ಅಣ್ಣ ತಮ್ಮನಿಗೆ ಅಥವಾ ದೊಡ್ಡಪ್ಪನ ಮಗ ಚಿಕ್ಕಪ್ಪನ ಮಗನಿಗೆ. ತೋಟದ ಬೇಲಿಯಿಂದ ಆಚೆ ಇದ್ದವರು ಇದನ್ನು ಕೇಳ್ಲಿಕ್ಕೆ ಯಾವ ಕೋರ್ಟಲ್ಲೂ ಜಾಗ ಇಲ್ಲ.

ಕಾಸರಗೋಡಿನಲ್ಲಿ ಆಧಾರದ ಹಿಂದಾಧಾರ, ಅದರ ಹಿಂದಿನ ಕಾಗದ ಅಂತ ಹುಡುಕ್ತಾ ಹೋದ್ರೆ ಹೆಚ್ಚಿನವು 1970 ಜನವರಿ 1ಕ್ಕೆ ಬಂದು ನಿಲ್ತವೆ. ಕೇರಳ ಭೂಸುಧಾರಣೆ ಕಾನೂನು 1963ರದ್ದು, ಆದ್ರೆ ಗೇಣಿ ನಿಜವಾಗಿ ರದ್ದಾದ್ದು ಆ ದಿನ. ಮೂಲಗೇಣಿ, ಚಾಲಗೇಣಿ ಅಂತ ಮುಡಿ ಲೆಕ್ಕದಲ್ಲಿ ಅಕ್ಕಿ ಅಳೆದು ಕೊಡ್ತಿದ್ದವರು ಲ್ಯಾಂಡ್ ಟ್ರಿಬ್ಯೂನಲ್‌ಗೆ ಅರ್ಜಿ ಹಾಕಿ, ಸಣ್ಣ ಮೊತ್ತ ಕಟ್ಟಿ, ಕ್ರಯ ಸರ್ಟಿಫಿಕೇಟ್ ಪಡೆದ್ರು, ಅದನ್ನೇ ನಾವು ಪಟ್ಟಯ ಅಂತ ಹೇಳುವುದು. ದೊಡ್ಡ ಕೆಲಸ ಅದು, ಅದರ ಬೆಲೆ ಕಡಿಮೆ ಮಾಡಿ ಮಾತಾಡುವವ ನಾನಲ್ಲ. ನನ್ನ ಅಪ್ಪನಿಗೂ ಹಾಗೇ ಮೂರು ಎಕ್ರೆ ಸಿಕ್ಕಿದ್ದು.

ಆದ್ರೆ ಪಟ್ಟಯ ಸಿಕ್ಕಿದ್ದು ಗೇಣಿಚೀಟಿ ಇದ್ದವರಿಗೆ. ಅದೇ ಗದ್ದೆಯಲ್ಲಿ ನೇಜಿ ನೆಟ್ಟವರಿಗೆ, ಮೂಲದಾಳು ಅಂತ ತಲೆತಲಾಂತರ ಅದೇ ಮನೆಯ ಕೆಲಸ ಮಾಡಿದವರಿಗೆ ಗೇಣಿಚೀಟಿ ಎಲ್ಲಿಂದ ಬರ್ಬೇಕು? ಅವರಿಗೆ ಕುಡಿಕಿಡಪ್ಪು ಅಂತ ಬಿಡಾರ ಇದ್ದ ಜಾಗೆ, ಪಂಚಾಯತಿನಲ್ಲಾದ್ರೆ 10 ಸೆಂಟ್ (ಒಂದು ಎಕ್ರೆಗೆ 100 ಸೆಂಟ್), ಸಣ್ಣ ಮುನ್ಸಿಪಾಲಿಟಿಯಲ್ಲಾದ್ರೆ 5. ಮಂಜೇಶ್ವರ ಕಡೆಯ ಕೊರಗರಿಗೆ ಎಷ್ಟೋ ಕಡೆ ಅದೂ ಇಲ್ಲ, ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆದು ಬದುಕಿದವರ ಹತ್ರ ಯಾವ ಧಣಿ ಗೇಣಿ ಬರೆಸಿಕೊಂಡಿದ್ದ? ಭೂಮಿತಿ ಅಂತಲೂ ಇತ್ತು, ಐದು ಜನರ ತನಕದ ಕುಟುಂಬಕ್ಕೆ 10 ಸ್ಟ್ಯಾಂಡರ್ಡ್ ಎಕ್ರೆ, ಅದಕ್ಕಿಂತ ಹೆಚ್ಚಿನದ್ದನ್ನು ಸರ್ಕಾರ ತಗೊಂಡು ಇಲ್ಲದವರಿಗೆ ಕೊಡ್ಬೇಕು ಅಂತ. ಆದ್ರೆ ಚಹಾ ರಬ್ಬರ್ ಪ್ಲಾಂಟೇಷನ್‌ಗಳಿಗೆ ವಿನಾಯಿತಿ, ಕಾನೂನು ಬರುವ ಮೊದಲೇ ಮಕ್ಕಳ ಹೆಸರಿಗೆ ಹಂಚಿದವರು ಬೇರೆ.

ನನ್ನ ಅಪ್ಪನ ಮೂರು ಎಕ್ರೆಯ ಕೆಳಗಿನ ಬದಿಯಲ್ಲಿ ಅಂಥ ಒಂದು 10 ಸೆಂಟ್ ಉಂಟು. ಆ ಮನೆಯ ಹುಡುಗ ನನ್ನ ಕ್ಲಾಸ್‌ಮೇಟ್, ಏಳನೇ ಕ್ಲಾಸಿನ ತನಕ ಒಂದೇ ಬೆಂಚು. ಲೆಕ್ಕದಲ್ಲಿ ನನಗಿಂತ ಚುರುಕು, ಇದು ವಿನಯಕ್ಕೆ ಹೇಳುವ ಮಾತಲ್ಲ, ಮಾರ್ಕು ಹಾಗೇ ಇತ್ತು. ಹತ್ತನೇ ಆದ ಮೇಲೆ ಅವನು ಕೆಲಸಕ್ಕೆ ಹೋದ, ನಾನು ಕಾಲೇಜಿಗೆ. ನನ್ನ ಲಾ ಕಾಲೇಜಿನ ಫೀಸು ಆ ಮೂರು ಎಕ್ರೆಯ ಅಡಿಕೆಯಿಂದ ಬಂತು, ಆ ಅಡಿಕೆ ಸುಲಿದವರಲ್ಲಿ ಅವನ ಅಮ್ಮ ಇದ್ರು. 1930ರ ಕಾನೂನಿನ ಪ್ರಕಾರ ನನ್ನ ಈ 27 ವರ್ಷದ ಗಳಿಕೆ ಪೂರ್ತಿ ನನ್ನ ಸ್ವಯಾರ್ಜಿತ.

ಮೂರು ಎಕ್ರೆಗೂ 10 ಸೆಂಟಿಗೂ ಇರುವ ಅಂತರ ಒಂದು ತಲೆಮಾರಲ್ಲಿ ಮುಗಿಯುವುದಿಲ್ಲ, ಪ್ರತಿ ತಲೆಮಾರಲ್ಲೂ ಹೆಚ್ಚಾಗ್ತಾ ಹೋಗ್ತದೆ, ಅದು ಹೇಗೆ ಅಂತ ನಾನು ದಿನಾ ನೋಡುವ ಜಾಗೆ ಬ್ಯಾಂಕು ಮತ್ತು ಸಬ್ ರಿಜಿಸ್ಟ್ರಾರ್ ಆಫೀಸು. ಮಕ್ಕಳ ಓದಿನ ಸಾಲ ಏಳೂವರೆ ಲಕ್ಷ ದಾಟಿದ್ರೆ ಸಾಮಾನ್ಯವಾಗಿ ಬ್ಯಾಂಕು ಅಡಮಾನಕ್ಕೆ ಆಸ್ತಿ ಕೇಳ್ತದೆ, ತೋಟ ಇದ್ದವರು ಆಧಾರ ಇಟ್ಟು ಸಾಲ ತರ್ತಾರೆ, 10 ಸೆಂಟಿನವರು ಮಕ್ಕಳಿಗೆ ಬೇರೆ ಕೋರ್ಸು ನೋಡು ಅಂತಾರೆ. ಇನ್ನು ರಿಜಿಸ್ಟ್ರೇಷನ್. ಕೂಲಿ ಮಾಡಿ ಉಳಿಸಿದ ದುಡ್ಡಲ್ಲಿ ಒಬ್ಬರು 5 ಸೆಂಟ್ ತಗೊಳ್ತಾರೆ, ಸೆಂಟಿಗೆ ಒಂದೂವರೆ ಲಕ್ಷ ಅಂತ ಇಟ್ಟುಕೊಳ್ಳಿ, ಏಳೂವರೆ ಲಕ್ಷ ಆಯ್ತು. ಕೇರಳದಲ್ಲಿ ಕ್ರಯಕ್ಕೆ ಸ್ಟ್ಯಾಂಪ್ ಡ್ಯೂಟಿ ನೂರಕ್ಕೆ 8, ರಿಜಿಸ್ಟ್ರೇಷನ್ ಫೀ ನೂರಕ್ಕೆ 2, ಒಟ್ಟು 75,000 ರೂಪಾಯಿ ಸರ್ಕಾರಕ್ಕೆ. ಅದೇ ದಿನ ಅದೇ ಕೌಂಟರಿನಲ್ಲಿ ಅಪ್ಪನಿಂದ ಮಗನಿಗೆ ಆರು ಎಕ್ರೆ ಸೆಟಲ್‌ಮೆಂಟ್ ಆಗ್ತದೆ, ಕುಟುಂಬದ ಒಳಗೆ ಅಂತ ಅದಕ್ಕೆ ದರ ತೀರಾ ಕಡಿಮೆ. ಅಪ್ಪ ತೀರಿಹೋಗಿ ವಾರಸುದಾರರ ಹೆಸರಿಗೆ ಪೋಕ್ಕುವರವು, ಅಂದ್ರೆ ಖಾತೆ ಬದಲಾವಣೆ ಮಾಡುವುದಾದ್ರೆ ಸ್ಟ್ಯಾಂಪ್ ಡ್ಯೂಟಿಯೇ ಇಲ್ಲ. ದುಡಿದು ತಗೊಂಡವ ಹತ್ತರಲ್ಲಿ ಒಂದು ಪಾಲು ಕೊಡ್ಬೇಕು, ಹುಟ್ಟಿನಿಂದ ಬಂದವ ಹೆಚ್ಚುಕಡಿಮೆ ಏನೂ ಕೊಡ್ಲಿಕ್ಕಿಲ್ಲ. ಇದನ್ನು ಸರಿ ಅಂತ ನನಗೆ ಯಾರಾದ್ರೂ ವಿವರಿಸಿ ಹೇಳ್ಲಿ, ನಾನು ಕೂತು ಕೇಳ್ತೇನೆ.

ಗಲ್ಫಿನ ಉದಾಹರಣೆ ಕೊಡುವವರು ತುಂಬ ಜನ. ಏನೂ ಇಲ್ಲದೆ ಹೋಗಿ, ಆ ಬಿಸಿಲಲ್ಲಿ ದುಡಿದು ಬಂಗ್ಲೆ ಕಟ್ಟಿದ್ರಲ್ಲ ಅಂತ. ಹೌದು, ಅಂಥವರನ್ನು ನೋಡಿ ನನಗೂ ಗೌರವ. ಆದ್ರೆ ವೀಸಾಕ್ಕೆ ಮೊದಲ ದುಡ್ಡು ಹೇಗೆ ಆಯ್ತು ಅಂತ ಕೇಳಿದಾಗೆಲ್ಲ ಹೆಚ್ಚಿನವರು ನನಗೆ ಹೇಳಿದ್ದು ಅಮ್ಮನ ಬಂಗಾರ ಅಥವಾ ಅಡಮಾನ ಇಟ್ಟ ಜಾಗೆ. ಅಡವಿಡ್ಲಿಕ್ಕೆ ಎರಡೂ ಇಲ್ಲದವರು ಹೋಗಲೇ ಇಲ್ಲ, ಅವರ ಕಥೆ ಹೇಳುವವರೂ ಇಲ್ಲ.

ಹೆಣ್ಮಕ್ಕಳ ವಿಷಯ ಇಲ್ಲಿ ಹೇಳದಿದ್ರೆ ಅನ್ಯಾಯ ಆಗ್ತದೆ. ಮದುವೆಗೆ ಖರ್ಚು ಮಾಡಿದ್ದೇವೆ ಅಂತ ಹೇಳಿ ತಂಗಿಯಂದಿರಿಂದ ಒಳಿಮುರಿ, ಅಂದ್ರೆ ರಿಲೀಸ್ ಡೀಡ್ ಬರೆಸಿಕೊಂಡು, ಆಮೇಲೆ ಆ ಆಸ್ತಿಯನ್ನೂ ಸ್ವಯಾರ್ಜಿತ ಅನ್ನುವವರಿದ್ದಾರೆ. ಕರ್ನಾಟಕದ ನೆಂಟರು "2005ರಿಂದ ಹೆಣ್ಮಕ್ಕಳಿಗೂ ಸಮಪಾಲು" ಅಂದ್ರೆ ಇಲ್ಲಿಯವರು ಕೇರಳದಲ್ಲಿ ಬೇರೆ ಕಾನೂನು ಅಂತ ಬಾಯಿ ಮುಚ್ಚಿಸ್ತಿದ್ರು. 2025ರ ಜುಲೈಯಲ್ಲಿ ಕೇರಳ ಹೈಕೋರ್ಟ್, 2004 ಡಿಸೆಂಬರ್ 20ರ ನಂತರ ತೀರಿಹೋದ ಹಿಂದೂ ತಂದೆಯ ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಅಂತ ಹೇಳಿದೆ, ಆ ದಿನಕ್ಕೆ ಮೊದಲೇ ಸರಿಯಾಗಿ ಮುಗಿದ ಪಾಲು, ಮಾರಾಟ ಇದ್ರೆ ಅದನ್ನು ಮುಟ್ಟುವ ಹಾಗಿಲ್ಲ. ಒಳಿಮುರಿಗೆ ಸಹಿ ಹಾಕುವ ಮೊದಲು ಅಕ್ಕತಂಗಿಯರೇ, ಒಮ್ಮೆ ನಿಮ್ಮದೇ ವಕೀಲರನ್ನು ಕೇಳಿ, ಅಣ್ಣ ಕರ್ಕೊಂಡು ಬಂದ ವಕೀಲರನ್ನಲ್ಲ.

ದೇಶದ ಲೆಕ್ಕಕ್ಕೆ ಬಂದ್ರೆ, ವರ್ಲ್ಡ್ ಇನೀಕ್ವಾಲಿಟಿ ಲ್ಯಾಬಿನ ಸಂಶೋಧಕರು 2024ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ 2022-23ರಲ್ಲಿ ಮೇಲಿನ ನೂರಕ್ಕೆ ಒಬ್ಬರ ಕೈಯಲ್ಲಿ ದೇಶದ ಸಂಪತ್ತಿನ ನೂರಕ್ಕೆ 40 ಪಾಲು. ಸತ್ತವರ ಆಸ್ತಿಯ ಮೇಲೆ ತೆರಿಗೆ ನಮ್ಮಲ್ಲೂ ಇತ್ತು, ಎಸ್ಟೇಟ್ ಡ್ಯೂಟಿ ಅಂತ 1953ರಲ್ಲಿ ಬಂತು, 20 ಲಕ್ಷ ದಾಟಿದ ಭಾಗಕ್ಕೆ ನೂರಕ್ಕೆ 85ರ ತನಕ ದರ ಏರಿತ್ತು. ಅಷ್ಟು ದರ ಇಟ್ರೆ ಯಾರು ಕಟ್ತಾರೆ? ಬೇನಾಮಿ ಮಾಡಿದ್ರು, ಬದುಕಿರುವಾಗ್ಲೇ ಹಂಚಿದ್ರು, ಕೇಸು ಹಾಕಿದ್ರು, ಕಡೆಗೆ ವರ್ಷಕ್ಕೆ ಬರ್ತಿದ್ದದ್ದು ಸುಮಾರು 20 ಕೋಟಿ ಮಾತ್ರ, 1985ರಲ್ಲಿ ತೆಗೆದುಹಾಕಿದ್ರು. ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್‌ನಲ್ಲಿ ತೆಗೆದ್ರು. ಬ್ರಿಟನ್ನಿನಲ್ಲಿ ಇಂದಿಗೂ ಒಂದು ಮಿತಿ ದಾಟಿದ ವಾರಸು ಆಸ್ತಿಗೆ ನೂರಕ್ಕೆ 40, ಜಪಾನಿನಲ್ಲಿ 55ರ ತನಕ ಉಂಟು.

ನನ್ನ ಅಭಿಪ್ರಾಯ ಕೇಳಿದ್ರೆ ಆ ತೆರಿಗೆ ವಾಪಸ್ ಬರ್ಬೇಕು. ಎರಡು ಎಕ್ರೆ ಅಡಿಕೆಯವರಿಗಲ್ಲ, ಹಳದಿರೋಗ ಕೊಳೆರೋಗ ಬಂದು ಅವರೇ ಸಾಲದಲ್ಲಿದ್ದಾರೆ. ಹತ್ತು ಕೋಟಿಗಿಂತ ಮೇಲಿನದ್ದಕ್ಕೆ, ಕಟ್ಟುವ ಮನಸ್ಸಾಗುವಂಥ ದರದಲ್ಲಿ. ಅದು ಡೆಲ್ಲಿಯ ಕೆಲಸ. ತಿರುವನಂತಪುರದವರು ನಾಳೆಯೇ ಮಾಡಬಹುದಾದ್ದು ಒಂದುಂಟು, ಜಾಗೆಯೇ ಇಲ್ಲದವರು ಜೀವನದಲ್ಲಿ ಮೊದಲ ಸಲ ತಗೊಳ್ಳುವ 5 ಸೆಂಟಿಗೆ ಈ 10 ಪರ್ಸೆಂಟನ್ನು ಬಿಟ್ಟುಬಿಡಿ.

ಆ ಹಿರಿಯರ ವಿಷಯ ಹೇಳಿದ್ದೆನಲ್ಲ. ಬೋಳುಗುಡ್ಡೆ ತೋಟ ಆದ್ದು ಹೇಗೆ ಅಂತ ಕೇಳಿದೆ. ಸುರಂಗದ ನೀರು ವಕೀಲ್ರೇ, ಅಂದ್ರು. ತೋಡಿದವರು ಯಾರು ಅಂತ ಕೇಳಿದೆ. ಒಬ್ಬ ಕೆಲಸದವ, ಎರಡು ಬೇಸಿಗೆ ಮೇಣದಬತ್ತಿ ಇಟ್ಕೊಂಡು ಮುರಕಲ್ಲಿನ ಒಳಗೆ ಕೂತು ಪಿಕ್ಕಾಸಿನಿಂದ ಅಗೆದನಂತೆ, ಈಗ ಅವನಿಲ್ಲ, ಹೆಂಡತಿ ಮಗ ಸೊಸೆ ತೋಟದ ಮೇಲಿನ ಬದಿಯ ಬಿಡಾರದಲ್ಲೇ ಇದ್ದಾರೆ, ಅವರ ಹತ್ರ ಜಾಗೆಯ ಕಾಗದ ಒಂದೂ ಇಲ್ಲ. ನಾನು ಬೇರೇನೂ ಹೇಳ್ಲಿಲ್ಲ, ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ. ಅವರೂ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಗೊಂದು 12 ಸೆಂಟ್ ವಿಲ್ಲಿನಲ್ಲಿ ಸೇರಿಸಿ" ಅಂದ್ರು. ವಿಲ್ಲಾದ್ರೆ ನಿಮಗೆ ಯಾವಾಗ ಬೇಕಾದ್ರೂ ಬದಲಿಸಬಹುದು, ನಿಮ್ಮ ನಂತರ ಮಕ್ಕಳು ತಕರಾರು ಎತ್ತಬಹುದು, ಈಗಲೇ ರಿಜಿಸ್ಟರ್ ಮಾಡಿ ಕೊಟ್ರೆ ಗಟ್ಟಿ ಅಂದೆ. ಮಕ್ಕಳ ಹತ್ರ ಮಾತಾಡಿ ಬರ್ತೇನೆ ಅಂತ ಕವರು ಎತ್ಕೊಂಡು ಹೋದ್ರು.

ಮೊನ್ನೆ ಫೋನ್ ಮಾಡಿದ್ರು. ಮಕ್ಕಳು ಇನ್ನೂ ಒಪ್ಪಿಲ್ಲ, ಜಾಗೆ ಕೊಟ್ರೂ ಸುರಂಗದ ನೀರಿನ ಹಕ್ಕು ಕೊಡುವುದು ಬೇಡ ಅಂತಿದ್ದಾರಂತೆ. ಸರ್ವೇಯರ್ ಸೋಮವಾರ ಬರ್ತಾರೆ, ನೀವೂ ಒಮ್ಮೆ ಬಂದು ನೋಡಿ ಅಂದ್ರು. ಹೋಗ್ತೇನೆ ಅಂತ ಹೇಳಿದ್ದೇನೆ.