ಆಂಡ್ರ್ಯೂ ವಾಟ್ಸನ್: ಮೂರೇ ಪಂದ್ಯ ಆಡಿದ ಸ್ಕಾಟ್ಲೆಂಡ್ ಬ್ಯಾಕ್

ಅಂತರರಾಷ್ಟ್ರೀಯ ಫುಟ್‌ಬಾಲ್ ಆಡಿದ ಮೊದಲ ಕಪ್ಪು ಆಟಗಾರ. ವಾಟ್ಸನ್ ಬಗ್ಗೆ ಎಲ್ಲರೂ ಬರೆದುಕೊಳ್ಳುವುದು ಈ ಒಂದು ಸಾಲು. ಸರಿಯೇ. ಆದರೆ ಅವರು ಎಂಥ ಆಟಗಾರ ಅನ್ನುವುದು ಇದರಲ್ಲಿ ಗೊತ್ತಾಗಲ್ಲ.

ಹುಟ್ಟಿದ್ದು 1856ರಲ್ಲಿ, ಬ್ರಿಟಿಷ್ ಗಯಾನಾದ ಡೆಮೆರಾರಾದಲ್ಲಿ. ತಂದೆ ಸಕ್ಕರೆ ತೋಟಗಳಿಂದ ಹಣ ಮಾಡಿದ ಸ್ಕಾಟಿಷ್ ಕುಟುಂಬದವರು, ತಾಯಿ ಹನ್ನಾ ರೋಸ್ ಗಯಾನಾದವರು. ಇಂಗ್ಲೆಂಡಿನಲ್ಲಿ ಶಾಲೆ ಮುಗಿಸಿ ಗ್ಲಾಸ್ಗೋ ವಿಶ್ವವಿದ್ಯಾಲಯ ಸೇರಿದರು, ಓದು ಅರ್ಧಕ್ಕೇ ನಿಂತಿತು. ತಂದೆಯ ಆಸ್ತಿ ಬಂದಿದ್ದರಿಂದ ಆಟಕ್ಕೆ ಸಂಬಳ ಬೇಕಿರಲಿಲ್ಲ. ಇದನ್ನು ಮರೆಯಬೇಡಿ: ಆಗ ಆಟಗಾರರಿಗೆ ಬಹಿರಂಗವಾಗಿ ಹಣ ಕೊಡುವ ಹಾಗೇ ಇರಲಿಲ್ಲ. ಇಂಗ್ಲೆಂಡಿನಲ್ಲೂ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1885ರಲ್ಲಿ.

ಈಗ ಅವರ ಜಾಗ. ಆ ಕಾಲದ ಸ್ಕಾಟ್ಲೆಂಡ್ ತಂಡ ಹೆಚ್ಚಾಗಿ 2-2-6 ಕ್ರಮದಲ್ಲಿ ನಿಲ್ಲುತ್ತಿತ್ತು. ಅಂದ್ರೆ ಗೋಲ್‌ಕೀಪರ್ ಮುಂದೆ ಇಬ್ಬರೇ ಬ್ಯಾಕ್ (ರಕ್ಷಣೆಯ ಆಟಗಾರರು), ನಡುವೆ ಇಬ್ಬರು, ಮುಂದೆ ಆರು ಫಾರ್ವರ್ಡ್‌ಗಳು (ದಾಳಿ ಮಾಡುವವರು)! ಒಬ್ಬ ಜಾರಿದರೆ ಸರಿಮಾಡಲು ಹಿಂದೆ ಯಾರೂ ಇಲ್ಲ. ಅಂಥ ಜಾಗದಲ್ಲಿ ನಿಂತು, 1881ರ ಮಾರ್ಚ್ 12ರಂದು ಲಂಡನ್ನಿನ ಓವಲ್‌ನಲ್ಲಿ ವಾಟ್ಸನ್ ತಮ್ಮ ಮೊದಲ ಪಂದ್ಯ ಆಡಿದರು. ಅದೂ ನಾಯಕರಾಗಿ. ಸ್ಕಾಟ್ಲೆಂಡ್ ಇಂಗ್ಲೆಂಡ್ ವಿರುದ್ಧ 6-1ರಿಂದ ಗೆದ್ದಿತು. ಎರಡೇ ದಿನಕ್ಕೆ ವೇಲ್ಸ್ ವಿರುದ್ಧ 5-1. ಮರುವರ್ಷ ಮತ್ತೆ ಇಂಗ್ಲೆಂಡ್ ವಿರುದ್ಧ 5-1. ಈ ಮೂರು ಪಂದ್ಯಗಳಲ್ಲಿ ಸ್ಕಾಟ್ಲೆಂಡ್ ಹೊಡೆದ 16 ಗೋಲುಗಳನ್ನೇ ಎಲ್ಲರೂ ಹೇಳುತ್ತಾರೆ. ಬ್ಯಾಕ್‌ನನ್ನು ಅಳೆಯಬೇಕಾದರೆ ಬಿಟ್ಟುಕೊಟ್ಟ ಮೂರನ್ನು ನೋಡಬೇಕು, ಅಲ್ವಾ?

ಮೂರೇ ಪಂದ್ಯ ಯಾಕೆ? ಮೊದಲನೆಯದಾಗಿ, ಆಗ ಸ್ಕಾಟ್ಲೆಂಡ್‌ಗೆ ವರ್ಷಕ್ಕೆ ಇದ್ದದ್ದೇ ಎರಡು ಪಂದ್ಯ. ಜೊತೆಗೆ 1882ರಲ್ಲಿ ವಾಟ್ಸನ್ ಲಂಡನ್ನಿಗೆ ಹೋದರು. ಸ್ಕಾಟ್ಲೆಂಡಿನಲ್ಲೇ ಇದ್ದು ಆಡುವವರನ್ನು ಮಾತ್ರ ಆರಿಸುವ ಪದ್ಧತಿ ಆಗ. ಹಾಗಾಗಿ ಬಾಗಿಲು ಮುಚ್ಚಿತು. ಆಟ ಕುಗ್ಗಿ ಹೊರಬಿದ್ದರು ಎಂದು ಸುಮ್ನೆ ಬರೆಯಬೇಡಿ. ಅಷ್ಟರಲ್ಲಿ ಗ್ಲಾಸ್ಗೋದ ಕ್ವೀನ್ಸ್ ಪಾರ್ಕ್ ಜೊತೆ ಸ್ಕಾಟಿಷ್ ಕಪ್ ಗೆದ್ದಾಗಿತ್ತು. 1884ರಲ್ಲಿ ಲಂಡನ್ನಿನ ಕೊರಿಂಥಿಯನ್ ಕ್ಲಬ್, ಇಂಗ್ಲೆಂಡಿನ ಎಫ್‌ಎ ಕಪ್ ವಿಜೇತ ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡವನ್ನು 8-1ರಿಂದ ಮಣಿಸಿದಾಗಲೂ ಅವರು ಕೊರಿಂಥಿಯನ್ ತಂಡದಲ್ಲಿದ್ದರು.

ಮುಂದೆ ಹಡಗಿನ ಎಂಜಿನಿಯರ್ ಆದರು. 1921ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ಆ ಕಾಲದ ಇನ್ನೊಬ್ಬ ಕಪ್ಪು ಆಟಗಾರ ಆರ್ಥರ್ ವಾರ್ಟನ್ ಜೊತೆ ವಾಟ್ಸನ್‌ರನ್ನು ಬೆರೆಸಬೇಡಿ. ಈ ತಪ್ಪು ಜಾಸ್ತಿ. ವಾರ್ಟನ್ ಗೋಲ್‌ಕೀಪರ್, ಹಣಕ್ಕೆ ಆಡಿದವರು, ಯಾವ ದೇಶದ ತಂಡಕ್ಕೂ ಆಡಲಿಲ್ಲ.