ಅಂಗಾಂಶ ಬೆಳೆಸುವ ವಿದ್ಯಾರ್ಥಿಗಳಿಗೆ ಸಂಘ ಯಾಕೆ ಬೇಕಾಯ್ತು?

ಭಾನುವಾರ ಬೆಳಿಗ್ಗೆ ಲ್ಯಾಬಿನಲ್ಲಿ ಒಬ್ಬರೇ ಇರುತ್ತಾರೆ, ಪಿಎಚ್‌ಡಿ ವಿದ್ಯಾರ್ಥಿ. ಜೀವಕೋಶಗಳಿಗೆ ರಜೆ ಅನ್ನೋದು ಗೊತ್ತಿಲ್ಲ. ಲ್ಯಾಬಿನವರು ‘ಮೀಡಿಯಾ’ ಅನ್ನುವ ಪೋಷಕ ದ್ರವವನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸಲೇಬೇಕು. 37 ಡಿಗ್ರಿಯ ಇನ್‌ಕ್ಯುಬೇಟರ್ ಬಾಗಿಲು ತೆಗೆದು ನೋಡಿದರೆ, ಮೊನ್ನೆ ಗುಲಾಬಿ ಬಣ್ಣಕ್ಕಿದ್ದ ದ್ರವ ಹಳದಿಯಾಗಿದೆ, ಕದಡಿದ ಹಾಗಿದೆ. ಬ್ಯಾಕ್ಟೀರಿಯಾ ಸೇರಿಕೊಂಡಿದೆ. ವಾರಗಟ್ಟಲೆ ಮಾಡಿದ ಕೆಲಸ ಬ್ಲೀಚಿನ ಪಾಲು. ಇದನ್ನು ಯಾರ ಹತ್ತಿರ ಹೇಳಿಕೊಳ್ಳೋದು? ಗೈಡ್ ಹತ್ತಿರ ಅಂತೂ ಅಲ್ಲ, ಸೋಮವಾರದವರೆಗಾದರೂ.

ಟಿಶ್ಯೂ ಎಂಜಿನಿಯರಿಂಗ್‌ನಲ್ಲಿ, ಅಂದರೆ ದೇಹದ ಅಂಗಾಂಶಗಳನ್ನು ಲ್ಯಾಬಿನಲ್ಲಿ ಬೆಳೆಸುವ ವಿಷಯದಲ್ಲಿ, ವಿದ್ಯಾರ್ಥಿಗಳೇ ನಡೆಸುವ ಸಂಘ ಯಾಕೆ ಅಂತ ಕೇಳಿದರೆ ನಾನು ಮೊದಲು ತೋರಿಸೋದು ಈ ಒಂಟಿ ಭಾನುವಾರವನ್ನೇ. ಇನ್ನೊಂದು ಕಾರಣ ಸ್ವಲ್ಪ ಹಳೆಯದು. ಈ ವಿಷಯಕ್ಕೆ ಮೊದಲಿನಿಂದಲೂ ಸ್ವಂತ ಮನೆ ಅಂತ ಇರಲಿಲ್ಲ.

ಮನುಷ್ಯರ ಚರ್ಮದ ಕೋಶಗಳನ್ನು ತಟ್ಟೆಯಲ್ಲಿ ಹಾಳೆಯ ಹಾಗೆ ಬೆಳೆಸುವ ದಾರಿ 1975ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಿಕ್ಕಿತು. ಅದನ್ನು ಪ್ರಕಟಿಸಿದ ಇಬ್ಬರಲ್ಲಿ ಹೋವರ್ಡ್ ಗ್ರೀನ್ ಪ್ರೊಫೆಸರ್, ಜೇಮ್ಸ್ ರೈನ್‌ವಾಲ್ಡ್ ಅವರ ವಿದ್ಯಾರ್ಥಿ. ಅಂದರೆ ಈ ಕಥೆಯಲ್ಲಿ ವಿದ್ಯಾರ್ಥಿ ಆಮೇಲೆ ಬಂದು ಸೇರಿಕೊಂಡವನಲ್ಲ, ಶುರುವಿನಲ್ಲೇ ಇದ್ದವನು. 1981ರಲ್ಲಿ ಸರ್ಜನ್ ಜಾನ್ ಬರ್ಕ್ ಮತ್ತು ವಸ್ತುವಿಜ್ಞಾನದ ಅಯಾನಿಸ್ ಯಾನಸ್ ಸುಟ್ಟಗಾಯಕ್ಕೆ ಕೊಲಾಜನ್ ಅನ್ನೋ ಪ್ರೋಟೀನಿನಿಂದ ಮಾಡಿದ ಕೃತಕ ಚರ್ಮದ ವರದಿ ಕೊಟ್ಟರು. 1988ರಲ್ಲಿ ಅಮೆರಿಕದ ಲೇಕ್ ಟಾಹೋದಲ್ಲಿ ನಡೆದ ಕಾರ್ಯಾಗಾರದ ನಂತರ ‘ಟಿಶ್ಯೂ ಎಂಜಿನಿಯರಿಂಗ್’ ಅನ್ನೋ ಹೆಸರು ಗಟ್ಟಿಯಾಯಿತು. 1993ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಪ್ರಸಿದ್ಧ ಲೇಖನವೂ ಜೋಡಿ ಕೆಲಸವೇ: ರಾಬರ್ಟ್ ಲ್ಯಾಂಗರ್ ಕೆಮಿಕಲ್ ಎಂಜಿನಿಯರ್, ಜೋಸೆಫ್ ವಕಾಂಟಿ ಸರ್ಜನ್.

ದೊಡ್ಡವರು ಜೋಡಿಯಾಗಿ ಮಾಡಿದ್ದನ್ನು ಈಗ ವಿದ್ಯಾರ್ಥಿ ಒಬ್ಬರೇ ಕಲಿಯಬೇಕು. ಕೋಶ, ಪಾಲಿಮರ್, ಪ್ರಾಣಿಗಳ ಮೇಲಿನ ಪ್ರಯೋಗ, ನಿಯಮಾವಳಿ, ಎಲ್ಲವೂ. ಕೂರೋದು ಮಾತ್ರ ಒಂದೇ ವಿಭಾಗದಲ್ಲಿ. ಪಾಲಿಮರ್ ಗೊತ್ತಿರುವವರು ಎರಡು ಕಟ್ಟಡದಾಚೆ ಇರುತ್ತಾರೆ, ಅವರ ಹೆಸರೂ ಗೊತ್ತಿರುವುದಿಲ್ಲ.

1997ರಲ್ಲಿ ಬೆನ್ನ ಮೇಲೆ ಮನುಷ್ಯರ ಕಿವಿಯ ಆಕಾರ ಹೊತ್ತ ಇಲಿಯ ಫೋಟೊ ಜಗತ್ತೆಲ್ಲ ಓಡಾಡಿತಲ್ವಾ, ಆಗ ಆಸೆ ಜಾಸ್ತಿಯಾಯಿತು. ಅದರ ಹಿಂದೆಯೇ ಹೊಡೆತವೂ ಬಿತ್ತು. ಕೃತಕ ಚರ್ಮ ಮಾಡುತ್ತಿದ್ದ ಎರಡು ದೊಡ್ಡ ಕಂಪನಿಗಳು, ಅಡ್ವಾನ್ಸ್ಡ್ ಟಿಶ್ಯೂ ಸೈನ್ಸಸ್ ಮತ್ತು ಆರ್ಗನೊಜೆನೆಸಿಸ್, 2002ರಲ್ಲಿ ದಿವಾಳಿ ಅರ್ಜಿ ಹಾಕಿದವು. ಎರಡನೆಯದು ಆಮೇಲೆ ಚೇತರಿಸಿಕೊಂಡಿತು. ಆದರೆ ಆಗ ಥೀಸಿಸ್ ಬರೆಯುತ್ತಿದ್ದವರಿಗೆ ಮುಂದೆ ಕೆಲಸ ಎಲ್ಲಿ ಅನ್ನೋ ಚಿಂತೆ ಹತ್ತಿರಬೇಕು.

2005ರಲ್ಲಿ ಈ ವಿಷಯದವರಿಗೇ ಅಂತ ಟರ್ಮಿಸ್ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಅಮೆರಿಕ ಖಂಡಗಳು, ಯುರೋಪ್, ಏಷ್ಯಾ-ಪೆಸಿಫಿಕ್ ಅಂತ ಅದರಲ್ಲಿ ಮೂರು ಶಾಖೆಗಳು. ಅದರೊಳಗಿನ ವಿದ್ಯಾರ್ಥಿ ಮತ್ತು ಯುವ ಸಂಶೋಧಕರ ವಿಭಾಗಕ್ಕೆ ಎಸ್‌ವೈಐಎಸ್ ಅಂತ ಹೆಸರು. ಮೂರೂ ಶಾಖೆಯವರು ಒಂದು ಆನ್‌ಲೈನ್ ಮೀಟಿಂಗ್ ಇಟ್ಟರೆ ಯಾರಿಗಾದರೂ ಒಬ್ಬರಿಗೆ ನಿದ್ದೆಗೇಡು ಖಾಯಂ.

ಇಂಥ ಸಂಘಗಳು ನಡೆಸುವ ಕಾರ್ಯಕ್ರಮಗಳ ಪಟ್ಟಿಯಲ್ಲಿ ವಿಶೇಷ ಏನಿಲ್ಲ. ಪೋಸ್ಟರ್ ಸ್ಪರ್ಧೆ, ವೆಬಿನಾರ್, ಹಿರಿಯರ ಜೊತೆ ಊಟ. ನನ್ನ ಪ್ರಕಾರ ನಿಜವಾದ ಲಾಭ ಇರೋದು ಆ ಊಟದ ಮೇಜಿನ ಕೊನೆಯಲ್ಲಿ, ಕೆಟ್ಟುಹೋದ ಪ್ರಯೋಗದ ಮಾತು ಶುರುವಾದಾಗ. ಒಂದು ಉದಾಹರಣೆ ನೋಡಿ. ಕಟ್ಟಡಕ್ಕೆ ಸಾರ್ವೆ ಕಟ್ಟುವ ಹಾಗೆ, ಕೋಶಗಳು ಹಿಡಿದು ಬೆಳೆಯಲು ಒಂದು ಸ್ಕ್ಯಾಫೋಲ್ಡ್ ಕೊಡುತ್ತಾರೆ. ರಕ್ತನಾಳದಿಂದ 100–200 ಮೈಕ್ರೊಮೀಟರ್ (0.1–0.2 ಮಿಲಿಮೀಟರ್) ದಾಟಿದರೆ ಆಮ್ಲಜನಕ ಸರಿಯಾಗಿ ತಲುಪುವುದಿಲ್ಲ. ಹಾಗಾಗಿ ಲ್ಯಾಬಿನಲ್ಲಿ ಬೆಳೆಸಿದ, ರಕ್ತನಾಳವಿಲ್ಲದ ದಪ್ಪದ ತುಂಡನ್ನು ಅಡ್ಡ ಕತ್ತರಿಸಿ, ಬದುಕಿದ್ದಕ್ಕೆ ಹಸಿರು, ಸತ್ತದ್ದಕ್ಕೆ ಕೆಂಪು ಬಣ್ಣ ಹಾಕಿ ನೋಡಿದರೆ ಅಂಚೆಲ್ಲ ಹಸಿರು, ನಡುವೆ ಕೆಂಪು. ಸಂಶೋಧನಾ ಪೇಪರಿನಲ್ಲಿ ಎದ್ದು ಕಾಣೋದು ಸಾಮಾನ್ಯವಾಗಿ ಅಂಚಿನ ಚಿತ್ರ. ಮೇಜಿನ ಹತ್ತಿರ ಮೊಬೈಲಿನಲ್ಲಿ ತೋರಿಸೋದು ನಡುವಿನದ್ದು. ‘ಎಷ್ಟು ದಪ್ಪ ಇತ್ತು? ಎಷ್ಟನೇ ದಿನ ಕತ್ತರಿಸಿದ್ದು?’ ಅಂತ ಪಕ್ಕದವರು ಕೇಳುತ್ತಾರೆ, ಆಮೇಲೆ ತಮ್ಮ ಫೋನೂ ತೆಗೆಯುತ್ತಾರೆ.

ಕಷ್ಟ ಅಂದರೆ, ಇದನ್ನೆಲ್ಲ ನಡೆಸುವವರು ಯಾರೂ ಅಲ್ಲಿ ಉಳಿಯುವವರಲ್ಲ. ಕೆಲಸ ಕೈಗೆ ಹತ್ತುವಷ್ಟರಲ್ಲಿ ಅಧ್ಯಕ್ಷೆಯ ಥೀಸಿಸ್ ಮುಗಿದಿರುತ್ತದೆ, ಕಾರ್ಯದರ್ಶಿ ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ನಂತರದ ಸಂಶೋಧನೆಗೆ) ಬೇರೆ ದೇಶ ಸೇರಿರುತ್ತಾರೆ. ಹೊಸ ಸಮಿತಿಯ ಮೊದಲ ವಾರ ಹೆಚ್ಚಾಗಿ ಹೋಗೋದು ಸಂಘದ ಇಮೇಲ್ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ಹುಡುಕೋದರಲ್ಲಿ.