ಬ್ಲೂ-ರೇ: ಪಂದ್ಯ ನಿಂತದ್ದು 0.1 ಮಿಲಿಮೀಟರಿನ ಮೇಲೆ

2006ರಲ್ಲಿ ಹೈ-ಡೆಫಿನಿಷನ್ ಚಲನಚಿತ್ರದ ಡಿಸ್ಕುಗಳು ಅಂಗಡಿಗೆ ಬಂದಾಗ ಒಂದಲ್ಲ, ಎರಡು ಬಗೆಯವು ಬಂದವು. ಮಾರ್ಚ್ ಕೊನೆಗೆ ಜಪಾನಿನಲ್ಲಿ, ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ತೋಷಿಬಾದ ಎಚ್‌ಡಿ ಡಿವಿಡಿ. ಜೂನ್‌ನಲ್ಲಿ ಸ್ಯಾಮ್‌ಸಂಗ್ ಪ್ಲೇಯರ್‌ನೊಂದಿಗೆ ಅಮೆರಿಕದಲ್ಲಿ ಬ್ಲೂ-ರೇ. ಮೊದಲನೆಯದರ ಪ್ಲೇಯರನ್ನು 499 ಡಾಲರಿಗೆ ಕೊಳ್ಳಬಹುದಿತ್ತು, ಎರಡನೆಯದರ ಪ್ಲೇಯರಿಗೆ 999 ಡಾಲರ್. ಅದಕ್ಕೂ ಬಹಳ ಮೊದಲೇ ಭವಿಷ್ಯ ನುಡಿಯುವವರ ಸುಗ್ಗಿ ಶುರುವಾಗಿತ್ತು. ವಿಡಿಯೊ ಕ್ಯಾಸೆಟ್ಟಿನ ಕಾಲದಲ್ಲಿ ತನ್ನ ಬೀಟಾಮ್ಯಾಕ್ಸ್‌ನೊಂದಿಗೆ ಸೋತ, ಈಗ ಬ್ಲೂ-ರೇಯ ಮುಂದಾಳಾಗಿದ್ದ ಸೋನಿ ಇಲ್ಲಿಯೂ ಸೋಲುತ್ತದೆ ಎಂದರು ಕೆಲವರು. ಯಾವ ಸ್ಟುಡಿಯೋ ಯಾರ ಕಡೆ ಎಂದು ಎಣಿಸಿದರು ಇನ್ನು ಕೆಲವರು. ಇವತ್ತಿಗೂ ಈ ಕಥೆಯನ್ನು ಎರಡು ಕಂಪನಿಗಳ ಜಗಳವೆಂದೇ ಹೇಳುತ್ತಾರೆ. ಇದು ನನಗೆ ಸಹಿಸಲಾಗದ ಸಂಗತಿ. ಏಕೆಂದರೆ ಆ ಎರಡು ಡಿಸ್ಕುಗಳು ಬೇರೆಯಾದದ್ದು ಮಸೂರದ ಬಗೆಗಿನ ಒಂದು ನಿರ್ಧಾರದಿಂದ, ಮತ್ತು ಆ ನಿರ್ಧಾರ ಬಲು ಸೊಗಸಾದದ್ದು.

ಮಸೂರವೊಂದು ಬೆಳಕನ್ನು ಎಷ್ಟೇ ಚೊಕ್ಕವಾಗಿ ಕೂಡಿಸಿದರೂ ಅದು ಬಿಂದುವಾಗುವುದಿಲ್ಲ, ಪುಟ್ಟ ಚುಕ್ಕೆಯಾಗಿ ಉಳಿಯುತ್ತದೆ. ಆ ಚುಕ್ಕೆಯ ಅಗಲವನ್ನು ನಿರ್ಧರಿಸುವುದು ಎರಡೇ ಸಂಗತಿಗಳು: ಬೆಳಕಿನ ಅಲೆಯುದ್ದ, ಮತ್ತು ಮಸೂರವು ಕಿರಣಗಳನ್ನು ಎಷ್ಟು ಅಗಲದ ಶಂಕುವಾಗಿ ಒಟ್ಟುಗೂಡಿಸುತ್ತದೆ ಎಂಬುದು. ಎರಡನೆಯದನ್ನು ಅಳೆಯುವ ಸಂಖ್ಯೆಗೆ ನ್ಯೂಮರಿಕಲ್ ಅಪರ್ಚರ್ ಎನ್ನುತ್ತಾರೆ. ದಪ್ಪ ಕುಂಚದಿಂದ ಅಕ್ಕಿ ಕಾಳಿನ ಮೇಲೆ ಹೆಸರು ಬರೆಯಲಾಗದು. ಚುಕ್ಕೆ ದೊಡ್ಡದಾದರೆ, ಡಿಸ್ಕಿನಲ್ಲಿ ಮಾಹಿತಿಯನ್ನು ಹಿಡಿದಿಟ್ಟ ಚಿಕ್ಕ ಗುಳಿಗಳನ್ನು ಓದಲೂ ಆಗದು.

ಡಿವಿಡಿಯ ಕೆಂಪು ಲೇಸರ್ 650 ನ್ಯಾನೋಮೀಟರಿನದು, ಅದರ ಮಸೂರದ ಅಪರ್ಚರ್ 0.6. ಬ್ಲೂ-ರೇಯಲ್ಲಿ 405 ನ್ಯಾನೋಮೀಟರಿನ ನೇರಳೆ ಲೇಸರ್ ಮತ್ತು 0.85. ಅಲೆಯುದ್ದವನ್ನು ಅಪರ್ಚರ್‌ನಿಂದ ಭಾಗಿಸಿ ಎರಡನ್ನೂ ಹೋಲಿಸಿದರೆ ಚುಕ್ಕೆಯ ಅಗಲ ಸುಮಾರು 2.27 ಪಟ್ಟು ಕುಗ್ಗಿದೆ. ಡಿಸ್ಕಿನ ಮೈ ಎರಡು ಆಯಾಮದ್ದು, ಆದ್ದರಿಂದ ಈ ಸಂಖ್ಯೆಯನ್ನು ವರ್ಗ ಮಾಡಿದರೆ 5.2. ಡಿವಿಡಿಯಲ್ಲಿ ಮಾಹಿತಿಯ ಒಂದು ಪದರ 4.7 ಜಿಬಿ ಹಿಡಿಯುತ್ತದೆ, ಬ್ಲೂ-ರೇಯಲ್ಲಿ 25 ಜಿಬಿ, ಅನುಪಾತ 5.3. ಬರೀ ಮಸೂರದ ಲೆಕ್ಕ ನಮ್ಮನ್ನು ಉತ್ತರದ ಹೊಸ್ತಿಲವರೆಗೂ ತಂದು ನಿಲ್ಲಿಸುತ್ತದೆ! ಎಚ್‌ಡಿ ಡಿವಿಡಿಗೂ ಲೇಸರ್ ಅದೇ, ಅಪರ್ಚರ್ ಮಾತ್ರ 0.65. ಅಲ್ಲಿ ಲೆಕ್ಕ ಮೂರು ಪಟ್ಟು ಎನ್ನುತ್ತದೆ. ಅದರ ಒಂದು ಪದರ ಹಿಡಿಯುತ್ತಿದ್ದದ್ದು 15 ಜಿಬಿ.

ಈ ನೇರಳೆ ಕಿರಣ ಸುಲಭವಾಗಿ ಸಿಕ್ಕಿದ್ದಲ್ಲ. 1990ರ ದಶಕದ ಆರಂಭದಲ್ಲಿ ದೊಡ್ಡ ಪ್ರಯೋಗಾಲಯಗಳು ಜಿಂಕ್ ಸೆಲೆನೈಡ್ ಹರಳುಗಳ ಬೆನ್ನು ಹತ್ತಿದ್ದವು. ಅವುಗಳಿಂದ ಮಾಡಿದ ಲೇಸರ್‌ಗಳು ಬೇಗ ಸಾಯುತ್ತಿದ್ದವು. ಗ್ಯಾಲಿಯಂ ನೈಟ್ರೈಡ್‌ನಲ್ಲಿ ದೋಷಗಳು ವಿಪರೀತ, ಅದರಿಂದ ಏನೂ ಹುಟ್ಟದು ಎಂಬುದು ಆಗಿನ ಸಾಮಾನ್ಯ ಅಭಿಪ್ರಾಯ. ಆ ಹರಳಿಗೆ ಅಂಟಿಕೊಂಡವರು ನಗೋಯಾದಲ್ಲಿ ಇಸಾಮು ಅಕಾಸಾಕಿ ಮತ್ತು ಹಿರೋಷಿ ಅಮಾನೊ. ಶಿಕೊಕು ದ್ವೀಪದ ತೊಕುಶಿಮಾ ಪ್ರಾಂತದಲ್ಲಿ, ಫಾಸ್ಫರ್, ಅಂದರೆ ಬೆಳಕು ಸೂಸುವ ಪುಡಿ, ತಯಾರಿಸುವ ನಿಚಿಯಾ ಎಂಬ ಕಂಪನಿಯ ಎಂಜಿನಿಯರ್ ಶುಜಿ ನಾಕಾಮುರಾ. 1993ರಲ್ಲಿ ನಾಕಾಮುರಾ ಅವರ ಪ್ರಖರ ನೀಲಿ ಎಲ್‌ಇಡಿ ಮಾರುಕಟ್ಟೆಗೆ ಬಂತು. 1996ರ ಹೊತ್ತಿಗೆ ಅದೇ ಹರಳಿನಿಂದ ಎಡೆಬಿಡದೆ ಬೆಳಗುವ ನೇರಳೆ ಲೇಸರ್ ಸಿದ್ಧವಾಯಿತು. ಅವರು ಮುಂದೆ ಪ್ರತಿಫಲಕ್ಕಾಗಿ ತಮ್ಮ ಕಂಪನಿಯ ವಿರುದ್ಧವೇ ನ್ಯಾಯಾಲಯಕ್ಕೆ ಹೋದರು. 2004ರಲ್ಲಿ ಟೋಕಿಯೊ ನ್ಯಾಯಾಲಯ 2,000 ಕೋಟಿ ಯೆನ್ ಕೊಡಬೇಕೆಂದಿತು. ಮರುವರ್ಷ ಸುಮಾರು 84 ಕೋಟಿ ಯೆನ್‌ಗೆ ರಾಜಿಯಾಯಿತು. ಮೂವರಿಗೂ 2014ರಲ್ಲಿ ನೊಬೆಲ್ ಬಂತು. ನಾವು ಮನೆಗಳಲ್ಲಿ ಉರಿಸುವ ಬಿಳಿ ಎಲ್‌ಇಡಿ ದೀಪವೂ ಹೈ-ಡೆಫಿನಿಷನ್ ಡಿಸ್ಕೂ ಒಂದೇ ಹರಳಿನ ಮಕ್ಕಳು ಎಂಬುದನ್ನು ಶಾಲೆಗಳಲ್ಲಿ ಹೇಳಿಕೊಡಬೇಕು.

ಹಾಗಾದರೆ ತೋಷಿಬಾ ತಾನೂ 0.85 ಅನ್ನೇ ಏಕೆ ಆರಿಸಲಿಲ್ಲ? ತೊಡಕು ಇರುವುದು ಇಲ್ಲಿ. ಲೇಸರ್ ಗುಳಿಗಳನ್ನು ಮುಟ್ಟುವ ಮೊದಲು ಪಾರದರ್ಶಕ ಪ್ಲಾಸ್ಟಿಕ್ ಪದರವೊಂದನ್ನು ಹಾಯಬೇಕು. ತಿರುಗುವ ಡಿಸ್ಕ್ ಎಂದೂ ಪೂರ್ತಿ ಸಮತಟ್ಟಾಗಿರುವುದಿಲ್ಲ, ಕೊಂಚ ವಾಲುತ್ತದೆ. ವಾಲಿದ ಪ್ಲಾಸ್ಟಿಕ್‌ನಲ್ಲಿ ಓರೆ ಕಿರಣಗಳು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿ, ಚುಕ್ಕೆಗೆ ಧೂಮಕೇತುವಿನಂತೆ ಬಾಲ ಮೂಡುತ್ತದೆ. ಈ ದೋಷ ಅಪರ್ಚರ್‌ನ ಘನಕ್ಕೂ ಪದರದ ದಪ್ಪಕ್ಕೂ ತಕ್ಕಂತೆ ಏರುತ್ತದೆ, ಅಲೆಯುದ್ದ ಕಡಿಮೆಯಾದಷ್ಟೂ ಹೆಚ್ಚುತ್ತದೆ. ಡಿವಿಡಿಯಲ್ಲಿ ಆ ಪದರ 0.6 ಮಿಲಿಮೀಟರ್. ಅದೇ ದಪ್ಪದ ಮೂಲಕ 0.85ರ ಮಸೂರದಿಂದ ಓದಹೊರಟಿದ್ದರೆ ದೋಷ ಡಿವಿಡಿಯ ನಾಲ್ಕೂವರೆ ಪಟ್ಟಾಗುತ್ತಿತ್ತು. ಬ್ಲೂ-ರೇ ಬಣದವರು ಪದರವನ್ನೇ 0.1 ಮಿಲಿಮೀಟರಿಗೆ ತೆಳುವಾಗಿಸಿದರು. ಲೆಕ್ಕ ಹಾಕಿ ನೋಡಿ: ಈಗ ದೋಷ ಡಿವಿಡಿಗಿಂತಲೂ ಕಡಿಮೆ. 0.6 ಮಿಲಿಮೀಟರನ್ನೇ ಉಳಿಸಿಕೊಂಡ ಎಚ್‌ಡಿ ಡಿವಿಡಿಯಲ್ಲಾದರೋ 0.65ರ ಸಾಧಾರಣ ಮಸೂರದಲ್ಲೂ ಅದು ಡಿವಿಡಿಯ ಎರಡರಷ್ಟು. ತೋಷಿಬಾಕ್ಕೂ ಕಾರಣವಿತ್ತು. ಡಿವಿಡಿ ಅಚ್ಚೊತ್ತುವ ಕಾರ್ಖಾನೆಗಳನ್ನು ಅಲ್ಪಸ್ವಲ್ಪ ಬದಲಿಸಿ ಬಳಸಿಕೊಳ್ಳಬಹುದಿತ್ತು.

ತೆಳು ಪದರಕ್ಕೂ ಬೆಲೆ ತೆರಬೇಕಾಯಿತು. ಡಿವಿಡಿಯ ಮೇಲ್ಮೈಯಲ್ಲಿ ಕಿರಣದ ಅಗಲ ಸುಮಾರು ಅರ್ಧ ಮಿಲಿಮೀಟರ್ ಇರುವುದರಿಂದ ಒಂದು ಧೂಳಿನ ಕಣ ಅಡ್ಡ ಬಂದರೂ ಉಳಿದ ಬೆಳಕು ಒಳಗೆ ಹೋಗುತ್ತದೆ. ಬ್ಲೂ-ರೇಯಲ್ಲಿ ಆ ಅಗಲ 0.13 ಮಿಲಿಮೀಟರ್ ಮಾತ್ರ, ಬೆರಳಿನ ಗುರುತೇ ಸಾಕು ಕಿರಣವನ್ನು ಕೆಡಿಸಲು. ಅದಕ್ಕಾಗಿ 2003ರಲ್ಲಿ ಜಪಾನಿನಲ್ಲಿ ಸೋನಿ ತಂದ ಮೊದಲ ಬ್ಲೂ-ರೇ ರೆಕಾರ್ಡರಿನ ಡಿಸ್ಕುಗಳು ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂತಿದ್ದವು. ಇಂಥ ಡಬ್ಬಿಯ ಡಿಸ್ಕನ್ನು ಜನ ಒಪ್ಪುವುದಿಲ್ಲ ಎಂಬ ಅಂದಾಜು ಆಗ ಪ್ರಬಲವಾಗಿತ್ತು. ಜಪಾನಿನ ಟಿಡಿಕೆ ಕಂಪನಿಯ ರಸಾಯನ ತಜ್ಞರು ಗೀರು ಬೀಳದ ಗಟ್ಟಿ ಲೇಪನವನ್ನು ಕಂಡುಹಿಡಿದ ಮೇಲೆ ಡಬ್ಬಿ ಕಣ್ಮರೆಯಾಯಿತು. ಈ ಲೇಪನ ಇಲ್ಲದಿದ್ದರೆ ಬ್ಲೂ-ರೇಯ ಅಷ್ಟೆಲ್ಲ ದೃಗ್ವಿಜ್ಞಾನ ವ್ಯರ್ಥವಾಗುತ್ತಿತ್ತು ಎಂದೇ ನನ್ನ ಅಭಿಪ್ರಾಯ.

ಇಷ್ಟಾದರೂ ಮೊದಲ ಬ್ಲೂ-ರೇ ಚಿತ್ರಗಳು ನಿರಾಸೆ ಮೂಡಿಸಿದವು. ‘ಜಿಬಿ ಹೆಚ್ಚಿದ್ದರೆ ಚಿತ್ರ ಚೆನ್ನ’ ಎಂಬ ನಂಬಿಕೆ ಆಗಲೂ ಇತ್ತು, ಈಗಲೂ ಇದೆ. ದಯವಿಟ್ಟು ಅದನ್ನು ಬಿಟ್ಟುಬಿಡಿ. 1920×1080 ಪಿಕ್ಸೆಲ್‌ನ, ಸೆಕೆಂಡಿಗೆ 24 ಚೌಕಟ್ಟಿನ ಎರಡು ಗಂಟೆಯ ಚಿತ್ರವನ್ನು ಸಂಕುಚಿಸದೆ, ಪಿಕ್ಸೆಲ್ಲಿಗೆ 12 ಬಿಟ್‌ನಂತೆ ಇಟ್ಟರೆ ಸುಮಾರು 537 ಜಿಬಿ ಬೇಕು. ಯಾವ ಡಿಸ್ಕಿಗೂ ಅದನ್ನು ಹತ್ತಾರು ಪಟ್ಟು ಹಿಂಡಲೇಬೇಕು. ಹಿಂಡುವ ಕೌಶಲವೇ ಇಲ್ಲಿ ಮುಖ್ಯ. ಮೊದಲ ಬ್ಲೂ-ರೇಗಳು ಒಂದೇ ಪದರದ 25 ಜಿಬಿಯಲ್ಲಿ, 1990ರ ದಶಕದ ಎಂಪೆಗ್-2 ವಿಧಾನದಲ್ಲಿ ಬಂದವು. ಎಚ್‌ಡಿ ಡಿವಿಡಿಗಳು ಎರಡು ಪದರದ 30 ಜಿಬಿಯಲ್ಲಿ, ವಿಸಿ-1 ಎಂಬ ಹೊಸ ಕೋಡೆಕ್‌ನಲ್ಲಿ, ಅಂದರೆ ಹಿಂಡುವ ಹೊಸ ವಿಧಾನದಲ್ಲಿ, ಬಂದವು. ಮಸೂರದ ಲೆಕ್ಕದಲ್ಲಿ ಹಿಂದಿದ್ದ ಡಿಸ್ಕ್ ಆ ಬೇಸಿಗೆಯಲ್ಲಿ ಕಣ್ಣಿಗೆ ಮುಂದೆ ಕಂಡಿತು. ಬ್ಲೂ-ರೇಗೂ ಎರಡು ಪದರದ 50 ಜಿಬಿ ಮತ್ತು ಎಚ್.264 ಕೋಡೆಕ್ ಬಳಕೆಗೆ ಬಂದ ಮೇಲೆ ಲೆಕ್ಕ ಸರಿಹೋಯಿತು.

ಇನ್ನೊಂದು ತಪ್ಪು ಕಲ್ಪನೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ: ಹಳೆಯ ಚಿತ್ರಗಳು ಎಚ್‌ಡಿಯಲ್ಲಿ ತೆಗೆದವಲ್ಲ, ಆದ್ದರಿಂದ ಅವಕ್ಕೆ ಈ ಡಿಸ್ಕಿನಿಂದ ಲಾಭವಿಲ್ಲ ಎಂಬುದು. ನಿಜ ಇದಕ್ಕೆ ತದ್ವಿರುದ್ಧ. ಚೆನ್ನಾಗಿ ಉಳಿದ 35 ಎಂಎಂ ನೆಗೆಟಿವ್‌ನಲ್ಲಿ ಡಿವಿಡಿಗೆ ಎಟುಕದ ವಿವರಗಳಿವೆ. ಐವತ್ತು, ಅರವತ್ತರ ದಶಕದ ಕಪ್ಪು-ಬಿಳುಪು ಕನ್ನಡ ಚಿತ್ರವೊಂದರ ಮೂಲ ನೆಗೆಟಿವ್ ಕೊಳೆಯದೆ ಸಿಕ್ಕರೆ, ನಾವು ವಿಸಿಡಿಯಲ್ಲಿ 352×288 ಪಿಕ್ಸೆಲ್‌ಗಳಲ್ಲಿ ಕಂಡ ಮುಖಗಳು ಅದರಲ್ಲಿ ಬೇರೆಯೇ ಆಗಿ ಕಾಣುತ್ತವೆ. ಕೊರತೆ ಇರುವುದು ಸಂರಕ್ಷಣೆಯಲ್ಲಿ.

ಪೈಪೋಟಿ ಬೇಗ ಮುಗಿಯಿತು. 2006ರ ನವೆಂಬರ್‌ನಲ್ಲಿ ಬಂದ ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್ 3 ಬ್ಲೂ-ರೇಯನ್ನು ಮನೆಗಳೊಳಗೆ ಒಯ್ದಿತು, 2008ರ ಜನವರಿಯಲ್ಲಿ ವಾರ್ನರ್ ಸ್ಟುಡಿಯೋ ಬ್ಲೂ-ರೇ ಕಡೆಗೆ ವಾಲಿತು. ಒಂಬತ್ತು ಕಂಪನಿಗಳು ಬ್ಲೂ-ರೇಯನ್ನು ಘೋಷಿಸಿದ್ದು 2002ರ ಫೆಬ್ರವರಿ 19ರಂದು. ಸರಿಯಾಗಿ ಆರು ವರ್ಷಕ್ಕೆ, 2008ರ ಫೆಬ್ರವರಿ 19ರಂದು, ತೋಷಿಬಾ ಹಿಂದೆ ಸರಿಯಿತು. ಇದೇ ಕೊನೆಯ ಡಿಸ್ಕ್, ಮುಂದೆಲ್ಲ ಅಂತರ್ಜಾಲವೇ ಎಂದು 2005ರಷ್ಟು ಹಿಂದೆಯೇ ಬಿಲ್ ಗೇಟ್ಸ್ ಹೇಳಿದ್ದರು. ಸಾಮಾನ್ಯ ನೋಡುಗರ ಮಟ್ಟಿಗೆ ಆ ಮಾತು ಬಹುಪಾಲು ನಿಜವಾಯಿತು. ಆದರೂ 2016ರಲ್ಲಿ 3840×2160 ಪಿಕ್ಸೆಲ್‌ನ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಬಂತು. ಮೂರು ಪದರಗಳಲ್ಲಿ ಅದು 100 ಜಿಬಿ ಹಿಡಿಯುತ್ತದೆ. ಅದನ್ನು ಓದುವುದು 405 ನ್ಯಾನೋಮೀಟರಿನ ಅದೇ ಲೇಸರ್, 0.85ರ ಅದೇ ಮಸೂರ.